ರೇಷ್ಮೆಗೂಡಿನ ಬೀಗದ ಕೈ

ಕೋಲಾರ ಜಿಲ್ಲೆಯ ಕ್ಯಾಲನೂರಿನ ಸೀಮೆಗೆ ಹಿಪ್ಪುನೇರಳೆಯಾಗಲಿ ರೇಷ್ಮೆಗೂಡಾಗಲಿ ಹೊಸದಲ್ಲ. ಗೂಡು ಬಲಿತೊಡನೆ ಬೆಳೆಗಾರನಿಗೆ ಅದನ್ನು ಮಾರುಕಟ್ಟೆಗೆ ಸಾಗಿಸುವ ಆತುರ. ತಡವಾದರೆ ಒಳಗಿನ ಪತಂಗವು ಗೂಡಿಗೆ ತೂತುಮಾಡಿ ಹೊರಬೀಳುತ್ತದೆ. ಮತ್ತೆ ಆ ಗೂಡಿನಿಂದ ನೂಲು ಬಿಚ್ಚುವಂತಿಲ್ಲ. ಹಲ್ಲಿಲ್ಲದ ಆ ಜೀವಿ ಅಷ್ಟು ಗಟ್ಟಿಯಾದ ಗೂಡನ್ನು ತೆರೆಯುವುದಾದರೂ ಹೇಗೆ?

ಅದರ ಬಾಯಿಯ ಭಾಗದಿಂದ ಒಸರುವ ಕೊಕೂನೇಸ್ ಎಂಬ ಕಿಣ್ವವೇ ಬೀಗದ ಕೈ. ಎಳೆಗಳನ್ನು ಬೆಸೆದಿರುವ ಸೆರಿಸಿನ್ ಎಂಬ ಅಂಟನ್ನು ಅದು ಕರಗಿಸುತ್ತದೆ. ನಮ್ಮ ಕರುಳಿನಲ್ಲಿ ಬೇಳೆಯ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಇದರ ದಾಯಾದಿ. ಎರಡರಲ್ಲಿಯೂ ಕತ್ತರಿಸುವ ಕೆಲಸ ಸೆರೀನ್, ಹಿಸ್ಟಿಡೀನ್, ಆಸ್ಪಾರ್ಟಿಕ್ ಆಮ್ಲವೆಂಬ ಮೂರು ಅಮೈನೋ ಆಮ್ಲಗಳದು. ಉಳಿದ ಇನ್ನೂರಕ್ಕೂ ಮಿಗಿಲಾದವು ಬಹುಮಟ್ಟಿಗೆ ಈ ಮೂವರನ್ನು ತಕ್ಕ ಭಂಗಿಯಲ್ಲಿ ನಿಲ್ಲಿಸುವ ಚೌಕಟ್ಟು.

ಬಟ್ಟೆ ಒಗೆಯುವ ಪುಡಿಗಳಲ್ಲಿ ಬೆರೆಸುವ ಸಬ್ಟಿಲಿಸಿನ್ ಬ್ಯಾಕ್ಟೀರಿಯದಿಂದ ಬಂದುದು. ಅದರ ವಂಶ ಬೇರೆ, ಆಕಾರ ಬೇರೆ. ಆದರೂ ಅಲ್ಲಿ ದುಡಿಯುವವರು ಆ ಮೂವರೇ! ಇದಕ್ಕೆ ವಿಪರ್ಯಾಸವಾಗಿ, ನಮ್ಮ ರಕ್ತದ ಹ್ಯಾಪ್ಟೊಗ್ಲೋಬಿನ್‌ನ ಒಂದು ಭಾಗ ಟ್ರಿಪ್ಸಿನ್ ಬಳಗದ ಮೈಕಟ್ಟನ್ನೇ ಹೊತ್ತಿದೆ. ಮೂವರಲ್ಲಿ ಇಬ್ಬರಿಲ್ಲದ ಕಾರಣ ಅದು ಏನನ್ನೂ ಕತ್ತರಿಸಲಾರದು. ಮನೆಯ ಗೋಡೆಗಳನ್ನು ನೋಡಿ ಅಡಿಗೆಯನ್ನು ಊಹಿಸಲಾದೀತೆ? ಒಲೆಯ ಬಳಿಗೇ ಹೋಗಬೇಕು.

ಇಂಥ ‘ಒಲೆ’ಗಳ ಪಟ್ಟಿಯೊಂದನ್ನು ಇಂಗ್ಲೆಂಡಿನಲ್ಲಿ ಜಾನೆಟ್ ಥಾರ್ನ್ಟನ್ ಅವರ ತಂಡ 2004ರಲ್ಲಿ ಪ್ರಕಟಿಸಿತು. ವಿದ್ವತ್ ಲೇಖನಗಳನ್ನು ಓದಿ, ಕೈಯಾರೆ ಬರೆದ 177 ನಮೂದುಗಳು ಅದರ ತಳಹದಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಈ ಕ್ಷೇತ್ರಕ್ಕೆ ಹೊಸದಲ್ಲ. ಪ್ರೋಟೀನುಗಳ ರಚನೆಯನ್ನು ಅರಸಿದ ಜಿ. ಎನ್. ರಾಮಚಂದ್ರನ್ ಅವರು 1971ರಲ್ಲಿ ಅಲ್ಲಿ ಅದಕ್ಕೆಂದೇ ಒಂದು ವಿಭಾಗವನ್ನು ಕಟ್ಟಿದ್ದರು. ಅದೇ ಸಂಸ್ಥೆಯ ನಾಗಸುಮಾ ಚಂದ್ರ ಅವರ ತಂಡ 2008ರಲ್ಲಿ ‘ಪಾಕೆಟ್‌ಮ್ಯಾಚ್’ ಎಂಬ ಗಣಕ ವಿಧಾನವನ್ನು ಪ್ರಕಟಿಸಿತು. ಪ್ರೋಟೀನಿನ ಕುಳಿಗಳಲ್ಲಿ ಬಿಂದುಬಿಂದುಗಳ ನಡುವಣ ದೂರಗಳನ್ನು ಅಳೆದು, ವಿಂಗಡಿಸಿ, ಒಂದು ಕುಳಿ ಇನ್ನೊಂದನ್ನು ಎಷ್ಟು ಹೋಲುತ್ತದೆಂದು ಅದು ತಿಳಿಸುತ್ತದೆ.

ಇದು ಕೇವಲ ಪಂಡಿತರ ವಿನೋದವಲ್ಲ. ಕ್ಷಯರೋಗಾಣುವಿನ ಸುಮಾರು 4,000 ಜೀನ್‌ಗಳನ್ನು 1998ರಲ್ಲಿಯೇ ಓದಿದ್ದಾಯಿತು. ಅವುಗಳಿಂದಾಗುವ ಎಷ್ಟೋ ಪ್ರೋಟೀನುಗಳ ಕೆಲಸ ಇಂದಿಗೂ ನಿಗೂಢ. ಕುಳಿಯ ಹೋಲಿಕೆ ಒಂದು ಸುಳಿವನ್ನು ಕೊಟ್ಟೀತು. ಆದರೆ ಸುಳಿವು ಸಾಕ್ಷಿಯಲ್ಲ. ಪ್ರಯೋಗಶಾಲೆಯಲ್ಲಿ ಅದನ್ನು ಒರೆಗೆ ಹಚ್ಚಬೇಕು. ಇನ್ನೊಂದು ಎಚ್ಚರವೂ ಬೇಕು. ರೋಗಾಣುವಿನ ಕುಳಿಯನ್ನು ಮುಚ್ಚುವ ಔಷಧ, ಅದನ್ನೇ ಹೋಲುವ ನಮ್ಮ ಮೈಯ ಕುಳಿಯನ್ನೂ ಮುಚ್ಚಿಬಿಟ್ಟರೆ ರೋಗಿಯ ಗತಿಯೇನು? ಯಾವ ಬೀಗಕ್ಕೆ ಯಾವ ಕೈ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅದಕ್ಕಾಗಿಯೇ.