ಬೂದಿಯೊಳಗಿನ ಕೆಂಡ
2018ರ ಜನವರಿ 19ರಂದು ಬೆಂಗಳೂರಿನ ಬೆಳ್ಳಂದೂರು ಕೆರೆಯ ಒಣಹುಲ್ಲು ಹೊತ್ತಿಕೊಂಡಾಗ, ಅಗ್ನಿಶಾಮಕ ದಳದ ಜೊತೆ ಸೈನಿಕರೂ ಬೆಂಕಿ ಆರಿಸಲು ಇಳಿಯಬೇಕಾಯಿತು.

ಅದೇ ನಗರದ ವೈಟ್‌ಫೀಲ್ಡ್, ಪೀಣ್ಯದ ಬಡಾವಣೆಗಳ ಗೇಟಿನಲ್ಲಿ ಮಾಗಿಯ ರಾತ್ರಿ ಕಾವಲುಗಾರರು ಬೆಂಕಿ ಕಾಯಿಸುತ್ತಾರೆ: ತೆಂಗಿನ ಗರಿ, ರಟ್ಟು, ಜೊತೆಗೊಂದು ಟೈರಿನ ಚೂರು. ಪಕ್ಕದ ಖಾಲಿ ಸೈಟಿನಲ್ಲಿ ಅಂಥದ್ದೇ ಮೊಣಕಾಲೆತ್ತರದ ಒಣಹುಲ್ಲು, ಮೇಲೆ ಜೋತುಬಿದ್ದ ಕೇಬಲ್ಲು. ಟೈರಿನ ಹೊಗೆಯಂತೂ ವಿಷ. ಕಾವಲುಗಾರರಿಗೊಂದು ಬೆಚ್ಚನೆಯ ಕೋಣೆ, ಸ್ವೆಟರು ಕೊಡುವುದು ನಿವಾಸಿಗಳ ಹೊಣೆ.

ಬೆಂಕಿ ಹಚ್ಚಲೇಬೇಕಾದರೆ ಸುತ್ತಲಿನ ನೆಲ ಬರಿದಾಗಿರಬೇಕು, ಬಕೆಟ್ಟಿನಲ್ಲಿ ನೀರು ಕೈಗೆಟುಕುವಂತಿರಬೇಕು. ಪೆಟ್ರೋಲ್ ಸುರಿಯಲೇಬಾರದು. ಬೂದಿಯೊಳಗೆ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಬೇಕು. ಆ ಕೆಂಡವನ್ನು ಮುಚ್ಚಿದ ಕೋಣೆಗೆ ಒಯ್ದು ಮಲಗಿದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲಬಹುದು.

ಬೆಂಕಿ ಕೈಮೀರಿದರೆ ಕರೆ ಮಾಡಬೇಕಾದದ್ದು 101 ಅಥವಾ 112ಕ್ಕೆ.