ಅಮೆರಿಕದ ಐಸ್ ಹಾಕಿ ಡ್ರಾಫ್ಟ್: ಹೈಸ್ಕೂಲು ಮತ್ತು ಜೂನಿಯರ್ ಹಾದಿಗಳು

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಸಂಘಟನೆಯಾದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಪ್ರತಿವರ್ಷ ನಡೆಸುವ ಯುವ ಆಟಗಾರರ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದ ಹುಡುಗರು ಈ ಆಯ್ಕೆಗೆ ಮುಖ್ಯವಾಗಿ ಎರಡು ಹಾದಿಗಳಿಂದ ಬರುತ್ತಾರೆ. ಒಂದು ಊರಿನ ಹೈಸ್ಕೂಲು ತಂಡ. ಇನ್ನೊಂದು ಜೂನಿಯರ್ ಲೀಗ್ ಹಾಗೂ ರಾಷ್ಟ್ರೀಯ ತರಬೇತಿ ಕಾರ್ಯಕ್ರಮ. ಅಲ್ಲಿನ ಹೈಸ್ಕೂಲು ಸಾಮಾನ್ಯವಾಗಿ 9ರಿಂದ 12ನೆಯ ತರಗತಿಯವರೆಗಿನದು. ಕರ್ನಾಟಕದ ಪದವಿಪೂರ್ವ ಹಂತವೂ ಅದರಲ್ಲಿ ಅಡಕವಾಗಿದೆ. ಯಾವ ಹಾದಿಯಲ್ಲಿ ಬಂದ ಆಟಗಾರನನ್ನು ಆರಿಸುವುದು ಲೇಸು ಎಂಬುದು ತಂಡಗಳ ಮುಂದಿರುವ ಹಳೆಯ ಪ್ರಶ್ನೆ.

ಡ್ರಾಫ್ಟ್‌ನ ಸ್ವರೂಪ

ಡ್ರಾಫ್ಟ್ 1963ರಲ್ಲಿ ಆರಂಭವಾಯಿತು. 2005ರಿಂದ ಅದು ಏಳು ಸುತ್ತುಗಳಲ್ಲಿ ನಡೆಯುತ್ತಿದೆ. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ವರ್ಷ ತುಂಬುವವರು ಅರ್ಹರು. 1997ರ ಸೆಪ್ಟೆಂಬರ್ 17ರಂದು ಜನಿಸಿದ ಆಸ್ಟನ್ ಮ್ಯಾಥ್ಯೂಸ್ ಕೇವಲ ಎರಡು ದಿನಗಳ ಅಂತರದಿಂದ 2015ರ ಅವಕಾಶ ಕಳೆದುಕೊಂಡು, 2016ರಲ್ಲಿ ಮೊದಲಿಗರಾಗಿ ಆಯ್ಕೆಯಾದರು. ಆಯ್ಕೆಯಾದ ಮಾತ್ರಕ್ಕೆ ಆಟಗಾರನು ಕೂಡಲೇ ತಂಡ ಸೇರುವುದಿಲ್ಲ. ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ನಿರ್ದಿಷ್ಟ ಅವಧಿಯವರೆಗೆ ಆ ತಂಡಕ್ಕೆ ಮಾತ್ರ ದೊರೆಯುತ್ತದೆ.

ಹೈಸ್ಕೂಲು ಹಾದಿ

ಮಿನ್ನೆಸೋಟ ರಾಜ್ಯದಲ್ಲಿ ಶಾಲಾ ಹಾಕಿ ಜನಜೀವನದ ಭಾಗವೇ ಆಗಿದೆ. ಅಲ್ಲಿನ ರಾಜ್ಯಮಟ್ಟದ ಹೈಸ್ಕೂಲು ಪಂದ್ಯಾವಳಿ 1945ರಿಂದ ನಡೆದುಬಂದಿದೆ. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡ ಬಲಾಢ್ಯ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನದ ಪದಕ ಗೆದ್ದ ಬಳಿಕ, ಎನ್‌ಎಚ್‌ಎಲ್ ತಂಡಗಳ ಗಮನ ಅಮೆರಿಕದ ಶಾಲೆಗಳತ್ತ ಇನ್ನಷ್ಟು ಹರಿಯಿತು. 1981ರಲ್ಲಿ ಬಾಬಿ ಕಾರ್ಪೆಂಟರ್ ಮತ್ತು 1982ರಲ್ಲಿ ಫಿಲ್ ಹೌಸ್ಲಿ ಹೈಸ್ಕೂಲಿನಿಂದ ನೇರವಾಗಿ ಎನ್‌ಎಚ್‌ಎಲ್ ಪ್ರವೇಶಿಸಿದರು.

1983ರ ಡ್ರಾಫ್ಟ್ ಈ ಚರ್ಚೆಗೆ ಉತ್ತಮ ನಿದರ್ಶನ. ರೋಡ್ ಐಲೆಂಡ್‌ನ ಶಾಲೆಯೊಂದರ ಬ್ರಯಾನ್ ಲಾಟನ್ ಮೊದಲಿಗರಾಗಿ ಆಯ್ಕೆಯಾದರು. ಆ ಸ್ಥಾನ ಪಡೆದ ಪ್ರಥಮ ಅಮೆರಿಕನ್ ಅವರೇ. ಆದರೆ ಅವರ ಆಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಮೂರನೆಯವರಾಗಿ ಆಯ್ಕೆಯಾದ ಪ್ಯಾಟ್ ಲಾಫೌಂಟೇನ್ ಅಮೆರಿಕದವರೇ ಆದರೂ ಕೆನಡಾದ ಜೂನಿಯರ್ ಲೀಗ್‌ನಲ್ಲಿ ಆಡಿ ಬಂದವರು. ಐದನೆಯವರಾದ ಗೋಲ್‌ಕೀಪರ್ ಟಾಮ್ ಬರಾಸೊ ಮ್ಯಾಸಚೂಸೆಟ್ಸ್‌ನ ಹೈಸ್ಕೂಲಿನಿಂದ ಬಂದು, ಮೊದಲ ವರ್ಷದಲ್ಲೇ ಶ್ರೇಷ್ಠ ಹೊಸ ಆಟಗಾರ ಮತ್ತು ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಗಳೆರಡನ್ನೂ ಗಳಿಸಿದರು. ಲಾಫೌಂಟೇನ್ ಮತ್ತು ಬರಾಸೊ ಇಬ್ಬರೂ ಹಾಕಿ ಹಾಲ್ ಆಫ್ ಫೇಮ್ ಸೇರಿದ್ದಾರೆ.

ಜೂನಿಯರ್ ಹಾದಿ

ಅಮೆರಿಕದ ಪ್ರಮುಖ ಜೂನಿಯರ್ ಲೀಗ್ ಯುಎಸ್‌ಎಚ್‌ಎಲ್. ಇದರಲ್ಲಿ ಮುಖ್ಯವಾಗಿ 16ರಿಂದ 20 ವರ್ಷದವರು ಆಡುತ್ತಾರೆ. ಋತುವೊಂದಕ್ಕೆ ಸುಮಾರು 60 ಪಂದ್ಯಗಳಿರುತ್ತವೆ. ಆಟಗಾರರಿಗೆ ಸಂಬಳವಿಲ್ಲದ ಕಾರಣ ಅವರ ಕಾಲೇಜು ಕ್ರೀಡಾ ಅರ್ಹತೆಗೆ ಧಕ್ಕೆಯಾಗುವುದಿಲ್ಲ. ದೂರದೂರುಗಳಿಂದ ಬಂದ ಹುಡುಗರು ಸ್ಥಳೀಯ ಕುಟುಂಬಗಳ ಆಶ್ರಯದಲ್ಲಿದ್ದು ಶಾಲೆಗೂ ಹೋಗುತ್ತಾರೆ.

ಯುಎಸ್‌ಎ ಹಾಕಿ ಸಂಸ್ಥೆಯು 1996ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ರಾಷ್ಟ್ರೀಯ ತಂಡ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. 2015ರಲ್ಲಿ ಅದು ಪ್ಲಿಮತ್‌ಗೆ ಸ್ಥಳಾಂತರಗೊಂಡಿತು. ದೇಶದ ಆಯ್ದ ಹುಡುಗರಿಗೆ 17 ಮತ್ತು 18 ವರ್ಷದೊಳಗಿನ ಎರಡು ತಂಡಗಳಲ್ಲಿ ಇಲ್ಲಿ ತರಬೇತಿ ನೀಡಲಾಗುತ್ತದೆ. 2019ರ ಡ್ರಾಫ್ಟ್‌ನ ಮೊದಲ ಸುತ್ತಿನ 31 ಆಯ್ಕೆಗಳಲ್ಲಿ 8 ಮಂದಿ ಇದೇ ಕಾರ್ಯಕ್ರಮದವರು. ಮೊದಲಿಗರಾದ ಜ್ಯಾಕ್ ಹ್ಯೂಸ್ ಅವರಲ್ಲೊಬ್ಬರು.

ಅಳತೆಯ ತೊಡಕು

ಎರಡು ಹಾದಿಗಳ ಮುಖ್ಯ ವ್ಯತ್ಯಾಸವಿರುವುದು ಆಟಗಾರನನ್ನು ಅಳೆಯುವ ಬಗೆಯಲ್ಲಿ. ಮಿನ್ನೆಸೋಟದ ಹೈಸ್ಕೂಲು ಪಂದ್ಯದಲ್ಲಿ 17 ನಿಮಿಷಗಳ ಮೂರು ಅವಧಿಗಳಿದ್ದರೆ, ಜೂನಿಯರ್ ಪಂದ್ಯದಲ್ಲಿ 20 ನಿಮಿಷಗಳ ಮೂರು ಅವಧಿಗಳಿರುತ್ತವೆ. ಶಾಲಾ ಎದುರಾಳಿಗಳ ಮಟ್ಟ ಏಕರೂಪವಾಗಿರುವುದಿಲ್ಲ. ದುರ್ಬಲ ತಂಡದ ವಿರುದ್ಧ ಹೊಡೆದ ಗೋಲುಗಳ ನಿಜವಾದ ಬೆಲೆ ಎಷ್ಟೆಂದು ನಿರ್ಧರಿಸುವುದು ಕಷ್ಟ. ಜೂನಿಯರ್ ಲೀಗ್‌ನಲ್ಲಾದರೋ ತನಗಿಂತ ಹಿರಿಯರ, ಬಲಶಾಲಿಗಳ ಎದುರು ಆಡಬೇಕಾದ್ದರಿಂದ ಹೋಲಿಕೆ ಸುಲಭ.

ಆದರೆ ಈ ಅನುಕೂಲಕ್ಕೆ ಬೆಲೆಯೂ ಉಂಟು. ರಾಷ್ಟ್ರೀಯ ಕಾರ್ಯಕ್ರಮದ ಆಯ್ಕೆ ಬಹಳ ಎಳೆಯ ವಯಸ್ಸಿನಲ್ಲೇ ನಡೆಯುವುದರಿಂದ, ತಡವಾಗಿ ಮೈತುಂಬಿಕೊಳ್ಳುವ ಹುಡುಗರು ಹೊರಗುಳಿಯಬಹುದು. ಅಂಥವರಿಗೆ ಶಾಲಾ ತಂಡವೇ ಆಸರೆ. ಶಾಲೆಯಲ್ಲಿ ಪ್ರತಿಭಾವಂತನಿಗೆ ಆಡುವ ಸಮಯ ಹೆಚ್ಚು ಸಿಗುತ್ತದೆ. ಮನೆ, ಗೆಳೆಯರು, ಊರು ದೂರವಾಗುವುದಿಲ್ಲ. ಕೆಲವರು ಎರಡನ್ನೂ ಹೊಂದಿಸಿಕೊಂಡಿದ್ದಾರೆ. ಕೇಸಿ ಮಿಟಲ್‌ಸ್ಟಾಟ್ ಯುಎಸ್‌ಎಚ್‌ಎಲ್‌ನಲ್ಲಿ ಆಡಿದರೂ ಹೈಸ್ಕೂಲಿನ ಕೊನೆಯ ವರ್ಷ ತಮ್ಮ ಶಾಲಾ ತಂಡಕ್ಕೆ ಮರಳಿ ಆಡಿದರು. 2017ರಲ್ಲಿ ಎಂಟನೆಯವರಾಗಿ ಆಯ್ಕೆಯಾದರು.

ಕಾಯುವಿಕೆ

ಹೈಸ್ಕೂಲು ಆಟಗಾರನನ್ನು ಆರಿಸುವ ತಂಡ ಸಾಮಾನ್ಯವಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. 2004ರಲ್ಲಿ ಫೀನಿಕ್ಸ್ ತಂಡವು ಮಿನ್ನೆಸೋಟದ ಹೈಸ್ಕೂಲು ಆಟಗಾರ ಬ್ಲೇಕ್ ವೀಲರ್ ಅವರನ್ನು ಐದನೆಯ ಆಯ್ಕೆಯಾಗಿ ಪಡೆಯಿತು. ಅವರು ಒಂದು ವರ್ಷ ಯುಎಸ್‌ಎಚ್‌ಎಲ್‌ನಲ್ಲೂ ಮೂರು ವರ್ಷ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲೂ ಆಡಿ, 2008ರಲ್ಲಿ ಬಾಸ್ಟನ್ ತಂಡ ಸೇರಿದರು. ಮುಂದೆ ವಿನಿಪೆಗ್ ತಂಡದ ನಾಯಕರೂ ಆದರು. ಆಟಗಾರನ ಬಗೆಗಿನ ಅಂದಾಜು ನಿಜವಾದರೂ ಅದರ ಫಲ ಆಯ್ದ ತಂಡಕ್ಕೆ ದಕ್ಕಲಿಲ್ಲ.

ಇತ್ತೀಚಿನ ಬದಲಾವಣೆ

ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ವೃತ್ತಿಪರರೆಂದೇ ಪರಿಗಣಿಸುತ್ತಿತ್ತು. 2024ರ ನವೆಂಬರ್‌ನಲ್ಲಿ ಈ ನಿಷೇಧವನ್ನು ಕೈಬಿಡಲು ನಿರ್ಧರಿಸಲಾಯಿತು. 2025ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂದಿದೆ. ಹೀಗಾಗಿ ಈಗ ಅಮೆರಿಕದ ಹುಡುಗನೊಬ್ಬ ಕಾಲೇಜು ಶಿಕ್ಷಣದ ಆಸೆ ಬಿಡದೆಯೇ ಕೆನಡಾದಲ್ಲಿ ಆಡಬಹುದಾಗಿದೆ. ಊರಿನ ಶಾಲಾ ತಂಡದಲ್ಲೇ ಉಳಿಯಬೇಕೆ, ಹೊರಡಬೇಕೆ ಎಂಬ ನಿರ್ಧಾರ ಕುಟುಂಬಗಳ ಪಾಲಿಗೆ ಇನ್ನಷ್ಟು ಜಟಿಲವಾಗಿದೆ.