ಬಗ್ಗಿದ ಕೊರಳು

‘ಕತ್ತು ಹಿಡಿದುಕೊಂಡಿದೆ’ ಎಂಬುದು ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಹಿಡಿದುಕೊಂಡದ್ದು ಯಾವುದು, ಏಕೆ ಎಂದು ಕೇಳಿದರೆ ಮಾತ್ರ ಉತ್ತರ ಮನೆಗೊಂದು ಬಗೆ. ವಾಯು ಎನ್ನುವವರು ಕೆಲವರು, ಚಳಿಗಾಳಿ ಎನ್ನುವವರು ಕೆಲವರು. ಪಾಪ, ತಲೆದಿಂಬಿನ ಮೇಲೆಯೇ ತಪ್ಪು ಹೊರಿಸುವವರು ಇನ್ನು ಕೆಲವರು. ಬಿದ್ದು ಪೆಟ್ಟಾಗಿ ಬರುವ ನೋವಿನ ವಿಚಾರ ಬೇರೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ದುಡಿಯುವವರ ಕತ್ತಿಗೂ ಹೆಗಲಿಗೂ ಬರುವ ನೋವನ್ನು ಕುರಿತು ಮಾತ್ರ ನಾನಿಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ.

ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಸಂತೆಯಲ್ಲಿ ಕೊಳ್ಳುವ ಮಧ್ಯಮ ಗಾತ್ರದ ಕುಂಬಳಕಾಯಿಯಷ್ಟು. ಅದನ್ನು ಎತ್ತಿ ಹಿಡಿದಿರುವುದು ಏಳು ಪುಟ್ಟ ಎಲುಬುಗಳು. ಜಿರಾಫೆಯ ಕೊರಳಿನಲ್ಲಿಯೂ ಏಳೇ ಎಲುಬುಗಳೆಂದರೆ ಆಶ್ಚರ್ಯವಾಗಬಹುದು. ಎಲ್ಲಕ್ಕಿಂತ ಮೇಲಿನ ಎಲುಬಿಗೆ ಪಾಶ್ಚಾತ್ಯರು ಅಟ್ಲಾಸ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತವನ ಹೆಸರು ಅದು. ನಮ್ಮವರು ಹೆಸರಿಡುವುದಾಗಿದ್ದರೆ ಆದಿಶೇಷನೆಂದು ಕರೆಯುತ್ತಿದ್ದರೋ ಏನೋ.

ತಲೆಯ ಭಾರ ನೇರವಾಗಿ ಎಲುಬುಗಳ ಮೇಲೆ ಇಳಿದಷ್ಟೂ ಸ್ನಾಯುಗಳಿಗೆ ಕೆಲಸ ಕಡಿಮೆ. ತುಂಬಿದ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಕೈಬಿಟ್ಟು ನಡೆಯುವ ಹೆಂಗಸರನ್ನು ತಾವು ನೋಡಿದ್ದೀರಿ. ಅದೇ ಬಿಂದಿಗೆಯನ್ನು ಮುಂದಕ್ಕೆ ಚಾಚಿದ ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ನಡೆಯಲಾದೀತೆ? ತಲೆ ಮುಂದಕ್ಕೆ ಬಾಗಿದಾಗ ಆಗುವುದೂ ಅದೇ. ತಲೆ ಬೀಳದಂತೆ ಹಿಂದಿನಿಂದ ಸ್ನಾಯುಗಳು ಜಗ್ಗಿ ಹಿಡಿಯಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಇದರ ಲೆಕ್ಕ ಹಾಕಿದರು. ತಲೆ 15 ಡಿಗ್ರಿ ಬಾಗಿದರೆ ಕೊರಳಿನ ಮೇಲೆ ಬೀಳುವ ಭಾರ ಸುಮಾರು 12 ಕಿಲೋ. 60 ಡಿಗ್ರಿ ಬಾಗಿದರೆ ಸುಮಾರು 27 ಕಿಲೋ. ಇದು ಗಣಕಯಂತ್ರದಲ್ಲಿ ಮಾದರಿಯೊಂದನ್ನು ಕಟ್ಟಿ ಹಾಕಿದ ಲೆಕ್ಕವೇ ಹೊರತು ಜೀವಂತ ಮನುಷ್ಯನ ಕೊರಳನ್ನು ಅಳೆದುದಲ್ಲ. ಆದರೂ ದಿಕ್ಕು ಸರಿಯಾಗಿದೆ. ಮೊಬೈಲನ್ನು ಮಡಿಲಲ್ಲಿಟ್ಟು ನೋಡುವ ಹುಡುಗನೂ, ಹೊಲಿಗೆಯ ಯಂತ್ರದ ಸೂಜಿಯಿಂದ ಕಣ್ಣು ಕೀಳದ ದರ್ಜಿಯೂ ಹೊರುವ ಹೊರೆ ಇಂಥದು.

ಈ ನೋವು ಗಣಕಯಂತ್ರದೊಡನೆ ಹುಟ್ಟಿತೆಂದು ತಿಳಿಯುವವರುಂಟು. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ, 1700ರಲ್ಲಿ ಮೊದಲು ಪ್ರಕಟವಾಗಿ 1713ರಲ್ಲಿ ವಿಸ್ತಾರಗೊಂಡ ತನ್ನ ಗ್ರಂಥದಲ್ಲಿ, ಕುಶಲಕರ್ಮಿಗಳ ಕಾಯಿಲೆಗಳನ್ನು ಕಸುಬು ಕಸುಬಾಗಿ ವಿವರಿಸಿದ. ಲಿಪಿಕಾರರ ಸಂಕಟಕ್ಕೆ ಆತ ಕೊಟ್ಟ ಕಾರಣಗಳು ಮೂರು: ಬಿಡದೆ ಕುಳಿತಿರುವುದು, ಕೈಯನ್ನು ಒಂದೇ ರೀತಿಯಾಗಿ ಆಡಿಸುತ್ತಿರುವುದು, ತಪ್ಪಾದೀತೆಂಬ ಆತಂಕದಲ್ಲಿ ಮನಸ್ಸನ್ನು ಬಿಗಿಹಿಡಿದಿರುವುದು. ಮೂರನೆಯ ಕಾರಣವನ್ನು ಅಷ್ಟು ಹಿಂದೆಯೇ ಗುರುತಿಸಿದನೆಂಬುದಕ್ಕೆ ನನಗೆ ಆತನಲ್ಲಿ ವಿಶೇಷ ಗೌರವ. ಮನಸ್ಸು ಬಿಗಿದಾಗ ಹೆಗಲು ತಾನಾಗಿ ಕಿವಿಯತ್ತ ಏರುತ್ತದೆ. ಏರಿದುದು ನಮ್ಮ ಅರಿವಿಗೇ ಬರುವುದಿಲ್ಲ. ನಮ್ಮ ಹಿರಿಯರೂ ತಮ್ಮ ರೀತಿಯಲ್ಲಿ ಇದಕ್ಕೆ ಉಪಾಯ ಮಾಡಿಕೊಂಡಿದ್ದರು. ಪಾರಾಯಣಕ್ಕೆ ಕುಳಿತವರು ಗ್ರಂಥವನ್ನು ವ್ಯಾಸಪೀಠದ ಮೇಲೆ ಇಡುವುದು ಭಕ್ತಿಯಿಂದ, ನಿಜ. ಆದರೆ ಅದರಿಂದ ಪುಟ ಕಣ್ಣಿನತ್ತ ಏರಿತು, ಕೊರಳು ಬಾಗುವುದು ತಪ್ಪಿತು. ಲೆಕ್ಕ ಬರೆಯುವ ಗುಮಾಸ್ತರ ಇಳಿಜಾರಿನ ಡೆಸ್ಕು ಮಾಡುತ್ತಿದ್ದುದೂ ಇದೇ ಉಪಕಾರ.

ಈಗ ನೋವಿನ ನೆಲೆಯನ್ನು ನೋಡೋಣ. ತಲೆಬುರುಡೆಯ ಹಿಂಭಾಗದಿಂದ ಹೊರಟು ಹೆಗಲಿಗೂ ನಡುಬೆನ್ನಿಗೂ ಹರಡಿದ ಅಗಲವಾದ ಸ್ನಾಯುವೊಂದುಂಟು. ಅದರ ಕೆಳಗೆ, ಕೊರಳಿನ ಮೇಲಿನ ನಾಲ್ಕು ಎಲುಬುಗಳಿಂದ ಹೆಗಲ ಹಲಗೆಯ ಒಳಮೂಲೆಗೆ ಹಗ್ಗದಂತೆ ಇಳಿದ ಇನ್ನೊಂದುಂಟು. ಆ ಒಳಮೂಲೆಯನ್ನು ಬೆರಳಿನಿಂದ ಒತ್ತಿದರೆ ಬಹುಮಂದಿ ‘ಹಾ, ಅಲ್ಲೇ’ ಎನ್ನುತ್ತಾರೆ. ಹಗುರವಾದ ಕೆಲಸದಲ್ಲಿ ಇಷ್ಟು ನೋವೇಕೆ ಎಂಬುದು ಬಹುಕಾಲ ಒಗಟಾಗಿತ್ತು. ಸ್ವೀಡನ್ನಿನ ಹೆಗ್ ಎಂಬ ಸಂಶೋಧಕರು 1991ರಲ್ಲಿ ಇದಕ್ಕೊಂದು ಊಹೆಯನ್ನು ಮುಂದಿಟ್ಟರು. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ದುಡಿಯುವುದಿಲ್ಲ. ಕೆಲವು ಸಣ್ಣ ಎಳೆಗಳು ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಇಳಿಯುತ್ತವೆ, ಎಲ್ಲವೂ ವಿರಮಿಸಿದ ಮೇಲೆ ವಿರಮಿಸುತ್ತವೆ. ಅವರು ಇವುಗಳನ್ನು ಸಿಂಡರೆಲ್ಲಾ ಎಳೆಗಳೆಂದು ಕರೆದರು. ನಮ್ಮ ಹಳೆಯ ಕೂಡುಕುಟುಂಬದ ಕಿರಿಸೊಸೆಯನ್ನು ನೆನೆದುಕೊಂಡರೆ ಸಾಕು: ಕೋಳಿ ಕೂಗುವ ಮುನ್ನ ಎದ್ದವಳು, ಎಲ್ಲರೂ ಮಲಗಿದ ಮೇಲೆ ಮಲಗಿದವಳು. ಮನೆಯ ಕೆಲಸ ಭಾರವಲ್ಲವೆಂದು ನೋಡಿದವರು ಹೇಳಿಯಾರು. ಆಕೆಗೆ ಬಿಡುವಿಲ್ಲವೆಂಬುದು ಅವರಿಗೆ ಕಾಣುವುದಿಲ್ಲ.

ಆದುದರಿಂದಲೇ ‘ನೆಟ್ಟಗೆ ಕುಳಿತುಕೋ’ ಎಂಬ ಉಪದೇಶದಲ್ಲಿ ನನಗೆ ಪೂರ್ಣ ನಂಬಿಕೆಯಿಲ್ಲ. ಮೇಷ್ಟರ ಬೆತ್ತಕ್ಕೆ ಹೆದರಿ ಕೋಲಿನಂತೆ ಕುಳಿತವನ ಕತ್ತೂ ಎರಡು ಗಂಟೆಯಲ್ಲಿ ನೋಯುತ್ತದೆ. ಎಲ್ಲರಿಗೂ ಒಪ್ಪುವ ಒಂದೇ ಸರಿಯಾದ ಭಂಗಿಯೆಂಬುದಿಲ್ಲ. ಅಲುಗದಿರುವುದೇ ದೊಡ್ಡ ದೋಷ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ. ಮೊಣಕೈಗೆ ಆಸರೆ ಇರಲಿ.

ನೋವು ಹೊಸತಾಗಿದ್ದಾಗ ಬಿಸಿನೀರಿನ ಚೀಲವೋ, ಅಜ್ಜಿಯರು ಹಂಚಿನ ಮೇಲೆ ಕಾಯಿಸಿ ಒತ್ತುತ್ತಿದ್ದ ಉಪ್ಪಿನ ಗಂಟೋ ಹಿತಕೊಡುತ್ತದೆ. ಹಿತ ಮಾತ್ರ, ಗುಣವಲ್ಲ. ಗುಣ ಬರಬೇಕಾದದ್ದು ಸ್ನಾಯುವಿನ ಬಲದಿಂದ. 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕತ್ತು ಮತ್ತು ಹೆಗಲಿನ ನೋವಿನ 198 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ, ರಬ್ಬರಿನ ಪಟ್ಟಿಯನ್ನು ಎಳೆದು ತೋಳೆತ್ತುವ ವ್ಯಾಯಾಮವನ್ನು ವಾರಕ್ಕೆ ಐದು ದಿನದಂತೆ ಹತ್ತು ವಾರ ಮಾಡಿಸಿದರು. ಏನೂ ಮಾಡದ ಮೂರನೆಯ ಗುಂಪಿಗಿಂತ ಎರಡೂ ಗುಂಪುಗಳ ನೋವು ಇಳಿಯಿತು. ಎರಡೇ ನಿಮಿಷ! ಬಿಡುವಿಲ್ಲವೆನ್ನುವವರ ಬಾಯಿ ಕಟ್ಟಿಸುವ ಸಂಖ್ಯೆಯಿದು. ಪಟ್ಟಿ ಇಲ್ಲದಿದ್ದರೆ ನೀರು ತುಂಬಿದ ಅರ್ಧ ಲೀಟರಿನ ಎರಡು ಸೀಸೆಗಳಾದೀತು. ತೋಳುಗಳನ್ನು ತುಸು ಮುಂದಕ್ಕೆ ಬರುವಂತೆ ಪಕ್ಕದಿಂದ ಹೆಗಲ ಮಟ್ಟಕ್ಕೆ ನಿಧಾನವಾಗಿ ಎತ್ತಿ, ನಿಧಾನವಾಗಿ ಇಳಿಸಬೇಕು. ಇದರೊಡನೆ ಇನ್ನೊಂದು: ಗೋಡೆಗೆ ಬೆನ್ನು ಕೊಟ್ಟು, ಮುಖವನ್ನು ಎತ್ತದೆ ತಗ್ಗಿಸದೆ, ಗಲ್ಲವನ್ನು ಹಿಂದಕ್ಕೆ ಎಳೆದು ಐದು ಎಣಿಸುವವರೆಗೆ ನಿಲ್ಲುವುದು; ಹತ್ತು ಬಾರಿ. ಕೊರಳಿನ ಮುಂಭಾಗದ ಒಳಸ್ನಾಯುಗಳು ಇದರಿಂದ ಎಚ್ಚರಗೊಳ್ಳುತ್ತವೆ.

ಎಕ್ಸ್‌ರೇ ವಿಚಾರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನನ್ನಲ್ಲಿಗೆ ಬಂದ ಅಕ್ಕಸಾಲಿಗರೊಬ್ಬರು ಎಂಟು ತಿಂಗಳಿಂದ ಕೊರಳಿಗೆ ಪಟ್ಟಿ ಬಿಗಿದುಕೊಂಡು ಕಸುಬನ್ನೇ ಬಿಟ್ಟಿದ್ದರು. ಚಿತ್ರದಲ್ಲಿ ಸ್ಪಾಂಡಿಲೋಸಿಸ್ ಎಂಬ ಶಬ್ದವನ್ನು ಯಾರೋ ಓದಿ ಹೇಳಿದ್ದರು. ನಡುವಯಸ್ಸು ದಾಟಿದವರಲ್ಲಿ, ನೋವೇ ಇಲ್ಲದವರಲ್ಲಿ ಕೂಡ, ಎಲುಬಿನ ಇಂಥ ಸವೆತ ಹೇರಳವಾಗಿ ಕಾಣುತ್ತದೆ; ತಲೆಗೂದಲು ನರೆತಂತೆ ಅದು. ಬಹುದಿನ ಕಟ್ಟಿದ ಪಟ್ಟಿಯಾದರೋ ಸ್ನಾಯುವನ್ನು ಸೋಮಾರಿಯಾಗಿಸಿ ದುರ್ಬಲಗೊಳಿಸುತ್ತದೆ. ಅವರಿಗೆ ಬೇಕಾಗಿದ್ದುದು ಪಟ್ಟಿಯನ್ನು ದಿನದಿನಕ್ಕೆ ಕಡಿಮೆ ಮಾಡುವುದು, ಕೆಲಸದ ಮಣೆಯನ್ನು ಎತ್ತರಿಸುವುದು, ವ್ಯಾಯಾಮ ಮತ್ತು ಧೈರ್ಯ. ಮೂರು ತಿಂಗಳಿಗೆ ಅವರು ಮತ್ತೆ ಕುಲುಮೆಯ ಮುಂದೆ ಕುಳಿತರು.

ಆದರೆ ಎಲ್ಲ ನೋವೂ ಇಷ್ಟು ಸಾಧುವಲ್ಲ. ಕೈಯ ಬಲ ಕುಂದುವುದು, ನಡೆಯುವಾಗ ತೂರಾಡುವುದು, ಮೂತ್ರದ ಹತೋಟಿ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು — ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ತಡವಿಲ್ಲದೆ ಕಾಣಬೇಕು. ಮೆಟ್ಟಿಲು ಹತ್ತುವಾಗ ಹೆಗಲಿನಲ್ಲೋ ದವಡೆಯಲ್ಲೋ ಕಾಣಿಸಿಕೊಂಡು ನಿಂತೊಡನೆ ಇಳಿಯುವ ನೋವು ಹೃದಯದ್ದಾಗಿರಬಹುದು. ಕ್ಷೌರದಂಗಡಿಯಲ್ಲಿ ಕತ್ತನ್ನು ತಟ್ಟನೆ ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವ ಚಪಲವನ್ನಂತೂ ದಯವಿಟ್ಟು ಬಿಡಿ. ಅಪರೂಪಕ್ಕಾದರೂ ಕೊರಳಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದುದುಂಟು.

ನನ್ನ ಸಲಹೆಗಳಿಗೆಲ್ಲ ಒಂದು ಮಿತಿಯಿದೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಅರ್ಧ ಗಂಟೆಗೊಮ್ಮೆ ಏಳಬೇಕಮ್ಮ ಎಂದೆ. ಆಕೆ ನಕ್ಕಳು. “ಗಂಟೆಗೆ ಇಷ್ಟು ಪೀಸು ಅಂತ ಲೆಕ್ಕ ಇರುತ್ತೆ ಸಾರ್. ನಾನೆದ್ದರೆ ಹಿಂದಿನವಳ ಹತ್ತಿರ ರಾಶಿ ಬೀಳುತ್ತೆ, ಮುಂದಿನವಳು ಖಾಲಿ ಕೂರುತ್ತಾಳೆ. ಬೈಗುಳ ನನಗೆ,” ಎಂದಳು. ಇಂಥವರ ನೋವಿನ ಮದ್ದು ವೈದ್ಯನ ಚೀಟಿಯಲ್ಲಿಲ್ಲ. ಆ ಲೆಕ್ಕವನ್ನು ಕಟ್ಟುವವರ ಕೈಯಲ್ಲಿದೆ. ಸ್ಟೂಲಿಗೆ ಬೆನ್ನಾಸರೆ, ಎತ್ತರಿಸಲು ಬರುವ ಮೇಜು, ಎರಡು ಗಂಟೆಗೊಮ್ಮೆ ಐದು ನಿಮಿಷದ ಬಿಡುವು, ಇವು ದುಬಾರಿಯ ವಸ್ತುಗಳೇನಲ್ಲ. ಚೀಟಿಯಲ್ಲಿ ಇದನ್ನೇ ಕನ್ನಡದಲ್ಲಿ ಬರೆದುಕೊಟ್ಟೆ. ಮೇಲ್ವಿಚಾರಕರು ಅದನ್ನೋದಿ ಮಡಚಿ ಜೇಬಿಗಿಟ್ಟುಕೊಂಡರಂತೆ. ಆಕೆ ಕಾಯಲಿಲ್ಲ. ಕತ್ತರಿಸಿ ಬಿಸಾಡಿದ ಬಟ್ಟೆಯ ಚೂರುಗಳನ್ನು ಚೀಲಕ್ಕೆ ತುಂಬಿ ಹೊಲಿದು, ಸ್ಟೂಲಿನ ಮೇಲೆ ಹಾಕಿಕೊಂಡು ನಾಲ್ಕು ಬೆರಳು ಎತ್ತರವಾದಳು. ಕಾರ್ಖಾನೆಯ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನೀರಿನ ಸೀಸೆ ಎತ್ತುವ ವ್ಯಾಯಾಮವನ್ನು ಜೊತೆಯ ನಾಲ್ವರಿಗೂ ಕಲಿಸಿದ್ದಾಳೆ.